ಹಸಿ ಹಲಸಿನ ಮರದ ಹೂದಾನಿ ತಳದಲ್ಲಿ ಬಿರುಕು ಬಿಡುವುದು ಯಾಕೆ?
ಬದಿಯಡ್ಕದಲ್ಲಿ ಆಗಷ್ಟೇ ಕಡಿದ ಹಲಸಿನ ದಿಮ್ಮಿಯಲ್ಲಿ ಹೂದಾನಿ ಕಡೆದೆ, ವಾರದೊಳಗೆ ತಳದಲ್ಲಿ ನಕ್ಷತ್ರದ ಹಾಗೆ ಬಿರುಕು ಬಂತು ಅಂತ ಬರೆದಿದ್ದೀರಿ ಅಲ್ವಾ? ತಳದ ನಡುವೆ ಮರದ ತಿರುಳು, ಅಂದರೆ ದಿಮ್ಮಿಯ ನಟ್ಟನಡುವಿನ ಸಣ್ಣ ಮೆದು ಭಾಗ, ಉಳಿದಿರಬೇಕು. ಮರ ಒಣಗುವಾಗ ಬೆಳವಣಿಗೆಯ ಉಂಗುರದ ಸುತ್ತ ಕುಗ್ಗುವುದು ಜಾಸ್ತಿ, ತಿರುಳಿನಿಂದ ತೊಗಟೆಯ ಕಡೆಗೆ ಹೆಚ್ಚುಕಡಿಮೆ ಅದರ ಅರ್ಧ. ತಿರುಳನ್ನು ಒಳಗೇ ಬಿಟ್ಟರೆ ಈ ಎಳೆದಾಟ ತಡೆಯಲಾಗದೆ ಮರ ಒಡೆಯುತ್ತದೆ. ದಿಮ್ಮಿಯನ್ನು ಉದ್ದಕ್ಕೆ ಸೀಳಿ, ತಿರುಳು ತೆಗೆದು, ಒಂದು ಬದಿಯ ತುಂಡನ್ನಷ್ಟೇ ಲೇತಿಗೆ (ಮರ ತಿರುಗಿಸಿ ಕಡೆಯುವ ಯಂತ್ರಕ್ಕೆ) ಹಾಕಿ.

ಮೊದಲ ಸಲ ದಪ್ಪಕ್ಕೇ ಕಡೆಯಿರಿ. 15 ಸೆಂಟಿಮೀಟರ್ ಅಗಲಕ್ಕೆ ಗೋಡೆ ಒಂದೂವರೆ ಸೆಂಟಿಮೀಟರ್ ಸಾಕು, ತಳವೂ ಅಷ್ಟೇ ಇರಲಿ. ನಾರಿನ ತುದಿ ಕಾಣುವ ಬಾಯಿಗೂ ತಳಕ್ಕೂ ಕರಗಿಸಿದ ಮೇಣ ಹಚ್ಚಿ, ನೀರು ಬೇಗ ಹೋಗುವುದು ಅಲ್ಲಿಂದಲೇ. ಆಮೇಲೆ ಕಾಗದದ ಚೀಲದಲ್ಲಿಟ್ಟು ಗಾಳಿ ಬೀಸದ ಮೂಲೆಯಲ್ಲಿಡಿ. ಚೀಲ ಒದ್ದೆಯಾದರೆ ಬದಲಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ತಿಂಗಳಿಗೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಒಣಗಿದ ಲೆಕ್ಕ. ಆದರೆ ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಈ ಲೆಕ್ಕ ನಂಬಬೇಡಿ, ಗಾಳಿಯಲ್ಲೇ ಅಷ್ಟು ತೇವ ಇರುತ್ತದೆ. ಬೇಸಿಗೆಯವರೆಗೆ ಕಾದು ಕೊನೆಯ ಕಡೆತ ಮಾಡಿ. ಅಷ್ಟರಲ್ಲಿ ಬಾಯಿ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಗಾಬರಿ ಬೇಡ. ಗೋಡೆ ದಪ್ಪ ಬಿಟ್ಟದ್ದು ಅದನ್ನು ಸರಿಮಾಡಲಿಕ್ಕೇ.