ಹೆಸರಿಲ್ಲದ ಐರಿಷ್ ಮಟ್ಟನ್ನು ಹುಡುಕೋದು ಹೇಗೆ?

ಪ್ರಶ್ನೆ: ಮೈಸೂರಿನಲ್ಲಿ ಚಿಕ್ಕಂದಿನಲ್ಲಿ ಕರ್ನಾಟಕ ಶೈಲಿಯ ಪಿಟೀಲು ಕಲಿತಿದ್ದೆ. ಈಗ ಕೆಲಸದ ಮೇಲೆ ಡಬ್ಲಿನ್‌ನಲ್ಲಿದ್ದೇನೆ. ಇಲ್ಲಿನ ಪಬ್ ಒಂದರಲ್ಲಿ ಕೇಳಿದ ಪಿಟೀಲಿನ ಮಟ್ಟು ತಲೆಯಿಂದ ಹೋಗುತ್ತಲೇ ಇಲ್ಲ. ನುಡಿಸುತ್ತಿದ್ದವರ ಒಪ್ಪಿಗೆ ಕೇಳಿ ಫೋನಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿದೆ. ಹೆಸರೇನು ಅಂದರೆ ‘ಪ್ಯಾಡಿ ಫಾಹೀಸ್’ ಅಂದರು. ಹುಡುಕಿದರೆ ಆ ಹೆಸರಿನಲ್ಲಿ ರಾಶಿ ರಾಶಿ ಮಟ್ಟುಗಳಿವೆ. ನನ್ನದು ಯಾವುದು? ಒಳ್ಳೆಯ ರೆಕಾರ್ಡಿಂಗ್, ಸ್ವರಲಿಪಿ ಎಲ್ಲಿ ಸಿಗುತ್ತದೆ?

ಉತ್ತರ: ಅವರು ಸರಿಯಾಗಿಯೇ ಹೇಳಿದ್ದಾರೆ, ನೀವು ಸರಿಯಾಗಿಯೇ ಹುಡುಕಿದ್ದೀರಿ. ತೊಂದರೆ ಇರುವುದು ಪ್ಯಾಡಿ ಫಾಹಿ ಅವರಲ್ಲೇ! ಗಾಲ್ವೇ ಕೌಂಟಿಯ ಪೂರ್ವ ಭಾಗದ ಈ ಪಿಟೀಲುಗಾರರು 2019ರಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು. ಜಿಗ್, ರೀಲ್ ಎಂಬ ಕುಣಿತದ ಮಟ್ಟುಗಳನ್ನು ಹತ್ತಾರು ಕಟ್ಟಿದರು, ಒಂದಕ್ಕೂ ಹೆಸರಿಡಲಿಲ್ಲ. ತಮ್ಮದೇ ಆಲ್ಬಂ ಅಂತ ಒಂದನ್ನೂ ಹೊರತರಲಿಲ್ಲ. ಹಾಗಾಗಿ ಅಷ್ಟೂ ಮಟ್ಟುಗಳು ಅವರ ಹೆಸರಿನಲ್ಲೇ ಓಡಾಡುತ್ತಿವೆ. ಕೆಲವರು ಒಂದು, ಎರಡು ಅಂತ ನಂಬರ್ ಹಾಕುತ್ತಾರೆ, ಆದರೆ ಆ ನಂಬರನ್ನು ನೆಚ್ಚಿಕೊಳ್ಳಬೇಡಿ.

ಫಾಹಿ ಅವರದು ಅತಿರೇಕದ ಕಥೆ, ನಿಜ. ಆದರೆ ಐರಿಷ್ ಸಂಗೀತದಲ್ಲಿ ಹೆಸರು ಹಿಡಿದು ಹೊರಟರೆ ದಾರಿ ತಪ್ಪುವುದೇ ಜಾಸ್ತಿ. ಒಬ್ಬರು ‘ದಿ ಮೇಡ್ ಬಿಹೈಂಡ್ ದಿ ಬಾರ್’ ಅನ್ನುವ ರೀಲನ್ನು ಇನ್ನೊಬ್ಬರು ‘ಜೂಡೀಸ್ ರೀಲ್’ ಅನ್ನುತ್ತಾರೆ. ಒಂದೇ ಹೆಸರಿನ ಬೇರೆ ಬೇರೆ ಮಟ್ಟುಗಳೂ ಉಂಟು. ಹೆಸರು ಬಿಡಿ, ಸ್ವರ ಹಿಡಿಯಿರಿ.

ಮೊದಲು ಕಾಲಲ್ಲಿ ತಾಳ ಹಾಕಿ ಕೇಳಿ. ‘ತಕಿಟ ತಕಿಟ’ ಅಂತ ಕೂತರೆ ಅದು ಜಿಗ್. ‘ತಕಧಿಮಿ’ ಅಂತ ಓಡಿದರೆ ಹೆಚ್ಚಾಗಿ ರೀಲ್. ಸಾಮಾನ್ಯವಾಗಿ ಒಂದು ಮಟ್ಟಿಗೆ ಎರಡು ಭಾಗ, ಒಂದೊಂದಕ್ಕೂ ಎಂಟು ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ), ಪ್ರತಿ ಭಾಗವನ್ನೂ ಎರಡೆರಡು ಸಲ ನುಡಿಸುತ್ತಾರೆ. ರೀಲ್ ಆದರೆ ಒಂದು ಸುತ್ತಿಗೆ ಅರ್ಧ ನಿಮಿಷಕ್ಕಿಂತ ತುಸು ಜಾಸ್ತಿ ಹಿಡಿಯುತ್ತದೆ. ಅಂದರೆ ನಿಮ್ಮ ರೆಕಾರ್ಡಿಂಗ್‌ನಲ್ಲಿ ಮಟ್ಟಿನ ಬಹುಪಾಲು ಸಿಕ್ಕಿರಬೇಕು. ಒಂದು ಎಚ್ಚರಿಕೆ: ಪಬ್‌ಗಳಲ್ಲಿ ಎರಡು-ಮೂರು ಮಟ್ಟುಗಳನ್ನು ನಿಲ್ಲಿಸದೆ ಜೋಡಿಸಿ ನುಡಿಸುತ್ತಾರೆ. ಅದಕ್ಕೆ ‘ಸೆಟ್’ ಅಂತಾರೆ. ನಿಮ್ಮ ಅರ್ಧ ನಿಮಿಷದ ನಡುವೆಯೇ ಮಟ್ಟು ಬದಲಾಗಿದೆಯೋ ಏನೋ, ನೋಡಿಕೊಳ್ಳಿ.

ಆಮೇಲೆ ವೇಗವನ್ನು ಅರ್ಧಕ್ಕೆ ಇಳಿಸಿ, ಮೊದಲ ಭಾಗವನ್ನು ಪಿಟೀಲಿನಲ್ಲಿ ಹಿಡಿಯಿರಿ. ನಮ್ಮ ಸ-ಪ-ಸ-ಪ ಶ್ರುತಿ ಇಲ್ಲಿ ನಡೆಯುವುದಿಲ್ಲ, ಪಾಶ್ಚಾತ್ಯರ ಜಿ-ಡಿ-ಎ-ಇ ಶ್ರುತಿ ಬೇಕು. ಈಗಿರುವ ತಂತಿಗಳನ್ನೇ ಅಷ್ಟಕ್ಕೆ ಬಿಗಿಯಲು ಹೋಗಬೇಡಿ, ಮೇಲಿನ ತಂತಿ ಕಿತ್ತು ಮುಖಕ್ಕೆ ಹೊಡೆದೀತು. ಡಬ್ಲಿನ್‌ನಲ್ಲೇ ಹೊಸ ತಂತಿಗಳನ್ನು ಹಾಕಿಸಿ. ಕಲಿತ ಭಾಗವನ್ನು ಗಮಕವಿಲ್ಲದೆ ‘ಟ್ಯೂನ್‌ಪ್ಯಾಲ್’ ಎಂಬ ಆ್ಯಪ್‌ಗೆ ನುಡಿಸಿ ತೋರಿಸಿ. ಅದು ಕೇಳಿಸಿಕೊಂಡ ಸ್ವರಗಳನ್ನು ಸಾವಿರಾರು ಮಟ್ಟುಗಳ ಜೊತೆ ಹೋಲಿಸಿ, ಹತ್ತಿರದ ಕೆಲವನ್ನು ಮುಂದಿಡುತ್ತದೆ. ಗದ್ದಲದ ಪಬ್ ರೆಕಾರ್ಡಿಂಗ್‌ಗಿಂತ ನಿಮ್ಮ ಒಂಟಿ ಪಿಟೀಲೇ ಅದಕ್ಕೆ ಚೆನ್ನಾಗಿ ಅರ್ಥವಾಗುತ್ತದೆ.

ಸಿಕ್ಕ ಮಟ್ಟನ್ನು ‘ದಿ ಸೆಷನ್’ ಎಂಬ ಜಾಲತಾಣದಲ್ಲಿ ತೆರೆಯಿರಿ. ಬೇರೆ ಹೆಸರುಗಳು, ಯಾರ್ಯಾರ ಆಲ್ಬಂನಲ್ಲಿ ಇದೆ, ಎಲ್ಲ ಒಂದೇ ಕಡೆ ಸಿಗುತ್ತದೆ. ಸ್ವರಲಿಪಿ ‘ಎಬಿಸಿ’ ಎಂಬ ರೂಪದಲ್ಲೂ ಇರುತ್ತದೆ. ಎ ಇಂದ ಜಿ ವರೆಗಿನ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುವ ಪದ್ಧತಿ: ದೊಡ್ಡಕ್ಷರ ಕೆಳಗಿನ ಸ್ಥಾಯಿ, ಚಿಕ್ಕಕ್ಷರ ಮೇಲಿನದು, ಪಕ್ಕದಲ್ಲಿ 2 ಇದ್ದರೆ ಎರಡರಷ್ಟು ಹೊತ್ತು. ಸರಿಗಮ ಬರೆದು ಕಲಿತವರಿಗೆ ಒಂದು ಸಂಜೆ ಸಾಕು. ಅಲ್ಲಿರುವುದೆಲ್ಲ ಸದಸ್ಯರೇ ಬರೆದು ಹಾಕಿದ್ದು. ಒಂದೇ ಮಟ್ಟಿಗೆ ಐದಾರು ಪಾಠಾಂತರ ಕಂಡರೆ ಗಾಬರಿಯಾಗಬೇಡಿ.

ಫಾಹಿ ಮಟ್ಟುಗಳಲ್ಲಂತೂ ಪಾಠಾಂತರದ ಜಗಳ ಜೋರು. ಅವರ ಹಲವು ಮಟ್ಟುಗಳಲ್ಲಿ ಒಂದೇ ಸ್ವರ ಎರಡು ರೂಪದಲ್ಲಿ ಬರುತ್ತದೆ. ಡಿ ಅನ್ನು ಷಡ್ಜ ಅಂತ ಇಟ್ಟುಕೊಂಡರೆ, ಒಂದು ಸಾಲಿನಲ್ಲಿ ಸಾಧಾರಣ (ಕೆಳಗಿನ) ಗಾಂಧಾರ, ಮುಂದಿನದರಲ್ಲಿ ಅಂತರ (ಮೇಲಿನ) ಗಾಂಧಾರ. ಕೆಲವೊಮ್ಮೆ ಬೆರಳು ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಕಾಗದದ ಮೇಲೆ ಬರೆಯುವವರು ಯಾವುದೋ ಒಂದನ್ನು ಆರಿಸಲೇಬೇಕಲ್ವಾ? ಇಲ್ಲಿ ಕರ್ನಾಟಕ ಸಂಗೀತದ ನಿಮ್ಮ ಕಿವಿಯನ್ನೇ ನಂಬಿ. ಐರಿಷ್ ಪಿಟೀಲುಗಾರ ಮಾರ್ಟಿನ್ ಹೇಸ್ ಫಾಹಿ ಮಟ್ಟುಗಳನ್ನು ರೆಕಾರ್ಡ್ ಮಾಡಿದ್ದಾರೆ, ನಿಧಾನವಾಗಿ ನುಡಿಸುತ್ತಾರೆ, ಒಂದೊಂದು ಸ್ವರವೂ ಕೇಳಿಸುತ್ತದೆ. ಅಲ್ಲಿಂದ ಶುರು ಮಾಡಿ.

ಡಬ್ಲಿನ್‌ನಲ್ಲೇ ಇದ್ದೀರಲ್ಲ, ಮೆರಿಯನ್ ಚೌಕದ ಐರಿಷ್ ಟ್ರೆಡಿಷನಲ್ ಮ್ಯೂಸಿಕ್ ಆರ್ಕೈವ್‌ಗೆ ಹೋಗದೆ ಬಿಡಬೇಡಿ. 1987ರಲ್ಲಿ ಶುರುವಾದ ಸಂಸ್ಥೆ. ಅಂಗಡಿಯಲ್ಲಿ ಎಂದೂ ಮಾರಾಟವಾಗದ ರೆಕಾರ್ಡಿಂಗ್‌ಗಳೂ ಅಲ್ಲಿವೆ, ಕೂತು ಕೇಳಬಹುದು. ಆಲ್ಬಂ ತರದ ಸಂಗೀತಗಾರರ ವಿಷಯದಲ್ಲಿ ಇಂಥ ಜಾಗವೇ ಗತಿ.

ಅಂದಹಾಗೆ, ಅದೇ ಪಬ್‌ಗೆ ಮತ್ತೆ ಹೋದರೆ ಮಟ್ಟಿನ ಹೆಸರು ಕೇಳಬೇಡಿ. ‘ಇದನ್ನು ಯಾರಿಂದ ಕಲಿತಿರಿ?’ ಅಂತ ಕೇಳಿ. ಆ ಉತ್ತರದಿಂದ ರೆಕಾರ್ಡಿಂಗ್ ಬೇಗ ಸಿಗುತ್ತದೆ.

ಪ್ರಶ್ನೆ: ಓನೀಲ್ ಅವರ ಐರಿಷ್ ಮಟ್ಟುಗಳ ಹಳೆಯ ಪುಸ್ತಕ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದೊಂದನ್ನು ನೋಡಿ ಕಲಿತರೆ ಸಾಕಲ್ಲವೇ?

ಉತ್ತರ: ಇಳಿಸಿಕೊಳ್ಳಿ, ಖಂಡಿತ. ಫ್ರಾನ್ಸಿಸ್ ಓನೀಲ್ ಕಾರ್ಕ್ ಕೌಂಟಿಯಲ್ಲಿ ಹುಟ್ಟಿ, ಶಿಕಾಗೋ ಪೊಲೀಸ್ ಮುಖ್ಯಸ್ಥರಾದವರು. ಅಲ್ಲಿ ನೆಲೆಸಿದ್ದ ಐರಿಷ್ ಸಂಗೀತಗಾರರಿಂದ ಮಟ್ಟು ಸಂಗ್ರಹಿಸಿದರು. ಅವರಿಗೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ, ಬರೆದುಕೊಟ್ಟವರು ಅದೇ ಇಲಾಖೆಯ ಜೇಮ್ಸ್ ಓನೀಲ್. 1903ರ ಪುಸ್ತಕದಲ್ಲಿ 1850 ಮಟ್ಟುಗಳಿವೆ, 1907ರದ್ದರಲ್ಲಿ 1001. ಕುಣಿತದ ಮಟ್ಟುಗಳೇ ಬೇಕಾದರೆ ಎರಡನೆಯದು ಸಾಕು.

ಆದರೆ ಅದೊಂದನ್ನೇ ನೋಡಿ ನುಡಿಸಿದರೆ ಸಪ್ಪೆಯಾಗುತ್ತದೆ. ರೋಲ್, ಕಟ್ ಎಂಬ ಬೆರಳಿನ ಅಲಂಕಾರಗಳು, ಕಮಾನಿನ ಎಳೆತ, ಇವು ಅಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಇನ್ನೊಂದು, ಪುಸ್ತಕ ಬಂದ ಮೇಲೆ ಸಂಗೀತವೂ ಬದಲಾಯಿತು. ಸ್ಲೈಗೋ ಕೌಂಟಿಯ ಪಿಟೀಲುಗಾರ ಮೈಕೆಲ್ ಕೋಲ್ಮನ್ 1920ರ ದಶಕದಿಂದ ನ್ಯೂಯಾರ್ಕ್‌ನಲ್ಲಿ ನುಡಿಸಿದ ಪ್ಲೇಟುಗಳು ಹಡಗು ಹತ್ತಿ ಐರ್ಲೆಂಡಿಗೆ ಬಂದವು. ಹಳ್ಳಿ ಹಳ್ಳಿಯಲ್ಲೂ ಅವರ ಪಾಠಾಂತರವನ್ನೇ ಕಲಿತರು. ಇವತ್ತು ನೀವು ಕೇಳುವ ಎಷ್ಟೋ ರೀಲುಗಳು ಓನೀಲ್ ಪುಟದ್ದಲ್ಲ, ಕೋಲ್ಮನ್ ಪ್ಲೇಟಿನದು. ಹಳೆಯ ಪ್ಲೇಟುಗಳ ಶ್ರುತಿ ಕೆಲವೊಮ್ಮೆ ಅರ್ಧ ಸ್ವರ ಮೇಲೆಯೋ ಕೆಳಗೋ ಇರುತ್ತದೆ, ಅದಕ್ಕೆ ನಿಮ್ಮ ಪಿಟೀಲನ್ನು ದೂರಬೇಡಿ.

ದುಡ್ಡು ಕೊಟ್ಟು ಒಂದೇ ಪುಸ್ತಕ ಕೊಳ್ಳುವುದಾದರೆ ಬ್ರೆಂಡಾನ್ ಬ್ರಾನಾಕ್ ಅವರ ‘ಕ್ಯೋಲ್ ರಿಂಕೆ ನಾ ಹೇರನ್’ ಕೊಳ್ಳಿ ಅನ್ನುತ್ತೇನೆ. ಮೊದಲ ಸಂಪುಟ 1963ರದು. ಯಾವ ಮಟ್ಟು ಯಾರಿಂದ ಬಂತು ಅನ್ನುವುದನ್ನು ಕೊಟ್ಟಿರುವುದೇ ಅದರ ಹೆಚ್ಚುಗಾರಿಕೆ. ಆ ಸಂಗೀತಗಾರರ ರೆಕಾರ್ಡಿಂಗ್ ಹುಡುಕಿ, ಪುಟ ಪಕ್ಕಕ್ಕಿಟ್ಟುಕೊಂಡು ಕೇಳಿ.

ಪ್ರಶ್ನೆ: ದೀಕ್ಷಿತರ ನೊಟ್ಟುಸ್ವರಗಳಲ್ಲಿ, ಅಂದರೆ ಪಾಶ್ಚಾತ್ಯ ಮಟ್ಟುಗಳಿಗೆ ಕಟ್ಟಿದ ರಚನೆಗಳಲ್ಲಿ, ಐರಿಷ್ ಮಟ್ಟು ಇದೆ ಅಂತ ಕೇಳಿದ್ದೆ. ನಿಜವೇ, ಸುಮ್ನೆ ಮಾತೇ?

ಉತ್ತರ: ನಿಜ. ‘ವಂದೇ ಮೀನಾಕ್ಷಿ’ಯ ಮಟ್ಟು ‘ದಿ ರೇಕ್ಸ್ ಆಫ್ ಮ್ಯಾಲೋ’. ಮ್ಯಾಲೋ ಎಂಬುದು ಕಾರ್ಕ್ ಕೌಂಟಿಯ ಒಂದು ಊರು. 18ನೇ ಶತಮಾನದಲ್ಲೇ ಅಚ್ಚಾಗಿದ್ದ ಈ ಮಟ್ಟು ಬ್ರಿಟಿಷರ ಬ್ಯಾಂಡುಗಳ ಜೊತೆ ಮದರಾಸಿಗೆ ಬಂದಿರಬೇಕು. ಮುತ್ತುಸ್ವಾಮಿ ದೀಕ್ಷಿತರು ಅದಕ್ಕೆ ಸಂಸ್ಕೃತ ಸಾಹಿತ್ಯ ಕೂಡಿಸಿದರು. ಶಂಕರಾಭರಣದ್ದೇ ಸ್ವರಗಳು, ಗಮಕವಿಲ್ಲ. ಐರಿಷ್ ಮಟ್ಟುಗಳನ್ನು ಕಲಿಯಲು ಹೊರಟ ಕರ್ನಾಟಕ ಪಿಟೀಲುಗಾರರಿಗೆ ನನ್ನ ಸಲಹೆ ಇದೇ: ಇದರಿಂದಲೇ ಶುರು ಮಾಡಿ. ಸ್ವರ ಆಗಲೇ ಬೆರಳಲ್ಲಿರುತ್ತದೆ. ಐರ್ಲೆಂಡಿನವರು ಇದನ್ನು ಪೋಲ್ಕಾ ಎಂಬ ಕುಣಿತದ ಮಟ್ಟಿನಂತೆ ನುಡಿಸುವುದನ್ನು ಕೇಳಿ, ಕಮಾನನ್ನು ಗಿಡ್ಡ ಮಾಡಿಕೊಂಡು, ವೇಗ ಏರಿಸುತ್ತಾ ಹೋಗಿ.