ಹುಲಿ ಕಾಡಿನೊಳಗೆ ಜನ ಇದ್ದರೆ ಕಾಡು ಹಾಳಾಗಲ್ವಾ?

ಹಾಗೇನೂ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಬದುಕುವ ಬುಡಕಟ್ಟು ಜನ ಸೋಲಿಗರನ್ನೇ ನೋಡಿ.

1974ರಲ್ಲಿ ಅಲ್ಲಿ ಅಭಯಾರಣ್ಯ ಬಂತು. ಕಾಡಿನೊಳಗಿನ ಎಷ್ಟೋ ಪೋಡುಗಳನ್ನು, ಅಂದರೆ ಸೋಲಿಗರ ಹಾಡಿಗಳನ್ನು, ಎಬ್ಬಿಸಿ ಅಂಚಿಗೆ ತಂದರು, ಬೇಟೆ ನಿಂತಿತು, ಜಾಗ ಬದಲಿಸುತ್ತಾ ರಾಗಿ ಬೆಳೆಯುವುದೂ ನಿಂತಿತು, ಜೊತೆಗೆ ಅವರು ಹಾಕುತ್ತಿದ್ದ ತರಗು ಬೆಂಕಿಯೂ ನಿಂತಿತು. ಇದು ಕಾಳ್ಗಿಚ್ಚಲ್ಲ. ಬೇಸಿಗೆಯ ಬಿಸಿಲು ಏರುವ ಮೊದಲೇ ಒಣಗಿದ ಎಲೆಗೆ ಕೊಡುವ ಸಣ್ಣ ಬೆಂಕಿ, ನೆಲಮಟ್ಟದಲ್ಲೇ ಉರಿದು ಆರುತ್ತದೆ. ಅದು ನಿಂತ ಮೇಲೆ ಲಂಟಾನ ಅನ್ನುವ ಕಳೆ ಗಿಡ ಆಳೆತ್ತರ ಬೆಳೆಯಿತು, ನೆಲ್ಲಿ ಮರಗಳಿಗೆ ಅವುಗಳ ರಸ ಹೀರುವ ಬಂದಳಿಕೆ ಗಿಡ ಹತ್ತಿತು ಅಂತ ಸೋಲಿಗರು ಹೇಳುತ್ತಾರೆ. ಅದೊಂದೇ ಕಾರಣ ಅನ್ನುವಂತಿಲ್ಲ, ಆದರೆ ಕಾಡಿನಲ್ಲೇ ಬದುಕಿದವರ ಮಾತನ್ನು ಸುಮ್ನೆ ತಳ್ಳಿಹಾಕಿದ್ದು ಸರಿಯಲ್ಲ ಅಲ್ವಾ? ಹೆಜ್ಜೇನು ಇಳಿಸುವಾಗಲೂ ಅವರು ಪೂರ್ತಿ ಬಳಿದುಕೊಂಡು ಬರುವುದಿಲ್ಲ, ಒಂದು ಪಾಲು ಅಲ್ಲೇ ಬಿಡುತ್ತಾರೆ.

2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಸ್ವಲ್ಪ ಬದಲಾಯಿತು. 2011ರ ಶುರುವಿನಲ್ಲಿ ಈ ಅಭಯಾರಣ್ಯ ಹುಲಿ ಸಂರಕ್ಷಿತ ಪ್ರದೇಶ ಆಯಿತು, ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಜೇನು, ನೆಲ್ಲಿ, ಮರದ ಪಾಚಿ (ಕಲ್ಲುಹೂವು) ಸಂಗ್ರಹಿಸುವ ಸಮುದಾಯ ಹಕ್ಕೂ ಸಿಕ್ಕಿತು.

"ಹಾಗಾದರೆ ಕಾಡನ್ನು ಹಂಚಿದಂತೆ ಆಗಲಿಲ್ವಾ" ಅಂತ ಜಾಸ್ತಿ ಜನ ಕೇಳುತ್ತಾರೆ. ಇಲ್ಲ. ಈ ಹಕ್ಕನ್ನು ಯಾರಿಗೂ ಮಾರುವಂತಿಲ್ಲ, ಕಾಡನ್ನೂ ಪ್ರಾಣಿಗಳನ್ನೂ ಕಾಯುವ ಅಧಿಕಾರವನ್ನು ಅದೇ ಕಾಯ್ದೆ ಗ್ರಾಮಸಭೆಗೆ ಕೊಟ್ಟಿದೆ.