ಮೇಷ್ಟ್ರು ಒಂಬತ್ತು ದಿನ ಯಾಕೆ ಹೇಳ್ಲಿಲ್ಲ

ತಿಪಟೂರಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ. ಹೆಸರು ಹಾಕ್ಬೇಡಿ ಅಂದಿದ್ದೀರಿ, ಹಾಕಲ್ಲ. ಬೇರೆ ಓದುಗರಿಗೂ ತಿಳೀಲಿ ಅಂತ ವಿಷ್ಯ ಚಿಕ್ಕದಾಗಿ ಹೇಳ್ತೀನಿ: ಇವರ ತಂದೆ ರಿಟೈರ್ಡ್ ಹೆಡ್‌ಮಾಸ್ಟರು, ಮುಂಬೈ ಪೊಲೀಸ್ ಅಂತ ವಿಡಿಯೋ ಕಾಲ್ ಬಂತು, ನಿಮ್ಮ ಆಧಾರ್ ನಂಬರಲ್ಲಿ ಡ್ರಗ್ಸ್ ಪಾರ್ಸೆಲ್ ಸಿಕ್ಕಿದೆ, ಕ್ಯಾಮೆರಾ ಮುಂದಿಂದ ಏಳಂಗಿಲ್ಲ, ಮನೇಲಿ ಯಾರಿಗೂ ಹೇಳಂಗಿಲ್ಲ ಅಂದ್ರು, ಇವರು ಎಫ್‌ಡಿ ಮುರಿಸಿ ನಾಲ್ಕು ಲಕ್ಷ ಕಳಿಸಿಬಿಟ್ರು, ಮಗನಿಗೆ ಹೇಳಿದ್ದು ಒಂಬತ್ತು ದಿನ ಆದ್ಮೇಲೆ. "ಊರಿಗೆಲ್ಲ ಪಾಠ ಹೇಳಿದೋರೇ ಹೀಗಾದ್ರೆ ಜನಕ್ಕೆ ಬುದ್ಧಿ ಬರೋದು ಯಾವಾಗ, ಪತ್ರಿಕೆಯವರು ಇನ್ನೂ ಜಾಸ್ತಿ ಜಾಗೃತಿ ಮೂಡಿಸ್ಬೇಕು" ಅಂತ ಕೊನೇಲಿ ಬರೆದಿದ್ದೀರಿ.

ಮೂಡಿಸ್ತೀವಿ. ಆದ್ರೆ ನಿಮ್ಮ ಪತ್ರ ಓದಿದಾಗಿಂದ ನನ್ನ ತಲೇಲಿ ಕೂತಿರೋದು ಆ ನಾಲ್ಕು ಲಕ್ಷಕ್ಕಿಂತ ಒಂಬತ್ತು ದಿನ.

ಯಾಕಂದ್ರೆ ಇಂಥ ದುಡ್ಡು ಒಂದು ಖಾತೇಲಿ ನಿಲ್ಲಲ್ಲ, ನಿಮಿಷಗಳಲ್ಲೇ ಕಳ್ಳರು ಬೇರೆಯವರಿಂದ ಬಾಡಿಗೆಗೆ ಪಡೆದ ಐದಾರು ಖಾತೆಗೆ ಹಂಚಿಹೋಗುತ್ತೆ, ಅಲ್ಲಿಂದ ಎಟಿಎಮ್ಮಿಗೋ ಕ್ರಿಪ್ಟೋಗೋ ಹೋಗುತ್ತೆ. ಸೈಬರ್ ವಂಚನೆಯ ಸಹಾಯವಾಣಿ 1930ಗೆ ಫೋನ್ ಮಾಡಿದ್ರೆ ನೀವು ಕೊಟ್ಟ ಟ್ರಾನ್ಸಾಕ್ಷನ್ ನಂಬರ್ ಹಿಡಿದು ದುಡ್ಡು ಹೋದ ಬ್ಯಾಂಕಿಗೆ ಸುದ್ದಿ ಮುಟ್ಟಿಸ್ತಾರೆ, ದುಡ್ಡು ಅಲ್ಲೇ ಇದ್ರೆ ಯಾರೂ ತೆಗೆಯದ ಹಾಗೆ ಹೋಲ್ಡ್, ಮುಂದೆ ಹೋಗಿದ್ರೆ ಮುಂದಿನ ಬ್ಯಾಂಕಿಗೆ ಸುದ್ದಿ. ಪೊಲೀಸರು ಮೊದಲ ಗಂಟೆನ ಗೋಲ್ಡನ್ ಅವರ್ ಅನ್ನೋದು ಇದಕ್ಕೇ. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೇಲೂ ಇದೇ ಲೆಕ್ಕ ಇದೆ: ಗ್ರಾಹಕನೇ ಪಾಸ್‌ವರ್ಡ್ ಕೊಟ್ಟು ಮೋಸಹೋಗಿದ್ರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗೋ ನಷ್ಟ ಬ್ಯಾಂಕಿಂದು. ಅಂದ್ರೆ ಬೇಗ ಬಾಯಿಬಿಟ್ಟಷ್ಟೂ ಒಳ್ಳೇದು.

ಮೇಷ್ಟ್ರು ಬಾಯಿಬಿಡ್ಲಿಲ್ಲ. ಯಾಕೆ ಅನ್ನೋದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ, ಬೇಜಾರ್ ಮಾಡ್ಕೋಬೇಡಿ, "ಇಷ್ಟು ಓದಿ ಇಷ್ಟೂ ಗೊತ್ತಾಗಲ್ವಾ ಅಂತ ಬೈದೆ" ಅಂತ ನೀವೇ ಬರೆದಿದ್ದೀರಿ. ಈ ಮಾತು ಬರುತ್ತೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಯಾರಿಗೂ ಹೇಳ್ಬೇಡ ಅಂತ ಕಳ್ಳ ಹೆದರಿಸಿದ್ದು ಒಂದು ದಿನ, ಉಳಿದ ಎಂಟು ದಿನ ಅವರ ಬಾಯಿ ಕಟ್ಟಿದ್ದು ನಾಚಿಕೆ. ಆ ನಾಚಿಕೆನ ಮನೆಮನೇಲಿ ಬೆಳೆಸಿದೋರು ನಾವೇ, ಮೋಸಹೋದೋರ ಸುದ್ದಿ ಓದಿ "ದುರಾಸೆ, ಅನುಭವಿಸ್ಲಿ" ಅನ್ನೋದು ನಮಗೆಲ್ಲ ಅಭ್ಯಾಸ ಆಗಿಬಿಟ್ಟಿದೆ. ಮೇಷ್ಟ್ರಿಗೆ ಯಾವ ದುರಾಸೆ ಇತ್ತು ಹೇಳಿ? ಅವರು ಹೆದರಿದ್ದು ಪೊಲೀಸರಿಗೆ, ಕಾನೂನಿಗೆ, ಮರ್ಯಾದೆಗೆ.

2024ರ ಅಕ್ಟೋಬರಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಹೀಗೆ ವಿಡಿಯೋ ಕಾಲಲ್ಲೇ ಹಿಡಿದು ಕೂರಿಸೋ ಡಿಜಿಟಲ್ ಅರೆಸ್ಟ್ ಅನ್ನೋದು ಯಾವ ಕಾನೂನಲ್ಲೂ ಇಲ್ಲ ಅಂದಾಗ ಉದಾಹರಣೆಗೆ ತಗೊಂಡಿದ್ದು ನಮ್ಮ ವಿಜಯಪುರದ ಒಬ್ಬರ ವಿಡಿಯೋನ, ಬಂದ ಕಾಲನ್ನ ಅವರು ರೆಕಾರ್ಡ್ ಮಾಡಿ ಎಲ್ಲರಿಗೂ ತೋರಿಸಿದ್ರು. ನನಗದು ದೊಡ್ಡ ಕೆಲಸ ಅನ್ಸುತ್ತೆ, ಅದನ್ನ ನೋಡಿ ಎಷ್ಟು ಮನೇಲಿ ಮಾತು ಶುರುವಾಗಿರ್ಬೇಕು.

ಇನ್ನು ಜಾಗೃತಿ ವಿಷ್ಯ. ಸೈಬರ್ ಭದ್ರತೆ ಒಂದು ಸಂಸ್ಕೃತಿ ಆಗ್ಬೇಕು ಅಂತ ವಿಶ್ವಸಂಸ್ಥೆ 2002ರಲ್ಲೇ ಒಂದು ನಿರ್ಣಯ ಮಾಡ್ತು, ಅದರಲ್ಲಿ ಒಂಬತ್ತು ಅಂಶ, ಮೊದಲನೇದು ಅರಿವು, ಎರಡನೇದು ಹೊಣೆ. ನಾವು ಮೊದಲನೇದ್ರಲ್ಲೇ ನಿಂತುಬಿಟ್ಟಿದ್ದೀವಿ. 2023ರಲ್ಲಿ ಮಂಗಳೂರು ಕಡೆ ಆಸ್ತಿ ರಿಜಿಸ್ಟ್ರೇಷನ್‌ಗೆ ಅಂತ ಆಧಾರ್, ಬೆರಳಚ್ಚು ಕೊಟ್ಟಿದ್ದ ಕೆಲವರ ಖಾತೆಯಿಂದ ಆಧಾರ್ ಪಾವತಿ ಮೂಲಕ ದುಡ್ಡು ಹೋಯ್ತು. ಆ ವ್ಯವಸ್ಥೆಗೆ ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ರೆ ಸಾಕು, ಓಟಿಪಿನೇ ಬೇಡ. ಯಾರಿಗೂ ಓಟಿಪಿ ಹೇಳ್ಬೇಡಿ ಅಂತ ನಾವು ಸಾವಿರ ಸಲ ಬರೆದಿದ್ರೂ ಆ ಜನಕ್ಕೆ ಏನು ಉಪಯೋಗ ಆಗ್ತಿತ್ತು? ನಿಮ್ಮ ಬೆರಳಚ್ಚನ್ನ ಬೇರೆ ಯಾರೂ ಬಳಸದ ಹಾಗೆ ಬಯೋಮೆಟ್ರಿಕ್ ಲಾಕ್ ಮಾಡ್ಕೊಳ್ಳಿ, ಆಧಾರ್ ಆ್ಯಪಲ್ಲೇ ಆಗುತ್ತೆ ಅಂತ ಬೆರಳೊತ್ತಿಸ್ಕೊಳ್ಳೋ ಪ್ರತಿ ಕೌಂಟರಲ್ಲೂ ಹೇಳ್ಬೇಕಿತ್ತು.

ನಮ್ಮ ಆಫೀಸೂ ಇದಕ್ಕೆ ಹೊರತಲ್ಲ. ಲೇಖಕರಿಗೆ ಸಂಭಾವನೆ ಕಳಿಸೋಕೆ ಅಂತ ಆಧಾರ್, ಪ್ಯಾನ್ ಜೆರಾಕ್ಸ್ ಕೇಳ್ತಿದ್ವಿ, ವರ್ಷಗಟ್ಟಲೆ ಅವು ಬೀಗ ಇಲ್ಲದ ಕಪಾಟಲ್ಲಿದ್ವು, ಒಂದಿನ ಪ್ರೂಫ್ ನೋಡೋ ಹಾಳೆ ತಿರುಗಿಸಿದ್ರೆ ಹಿಂದುಗಡೆ ಒಬ್ಬ ಹಿರಿಯ ಕವಯಿತ್ರಿಯ ಆಧಾರ್ ಇತ್ತು. ಅವರು ನಮ್ಮನ್ನ ನಂಬಿ ಕೊಟ್ಟಿದ್ದು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ ನನಗೆ. ಹಳೇದೆಲ್ಲ ಹರಿದು ಹಾಕಿಸಿದ್ವಿ, ಈಗ ಆಧಾರ್ ಕೇಳೋದೇ ಇಲ್ಲ. ನಿಮ್ಮ ಹತ್ರ ಲಾಡ್ಜಲ್ಲಿ, ಸಿಮ್ ಅಂಗಡೀಲಿ ಕೇಳಿದ್ರೆ ಕೊನೆ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಆಗುತ್ತಾ ಅಂತ ಕೇಳಿ ನೋಡಿ. 2023ರ ಡೇಟಾ ರಕ್ಷಣೆ ಕಾಯ್ದೇಲಿ ಮಾಹಿತಿ ಕಾಪಾಡದೋರಿಗೆ 250 ಕೋಟಿವರೆಗೂ ದಂಡ ಇದೆ, ಆದ್ರೆ ಜೆರಾಕ್ಸ್ ಅಂಗಡಿ ಕಂಪ್ಯೂಟರಲ್ಲಿ ಉಳಿದ ಪಿಡಿಎಫ್ ಡಿಲೀಟ್ ಮಾಡ್ಸೋಕೆ ದಿಲ್ಲಿಯಿಂದ ಯಾರೂ ಬರಲ್ಲ, ಪಕ್ಕದಲ್ಲಿ ನಿಂತ ನಾವೇ ಹೇಳ್ಬೇಕು.

ಈಗ ನೀವು ಮಾಡ್ಬೇಕಾದ್ದು. ಒಂಬತ್ತು ದಿನ ಆಯ್ತಲ್ಲ ಅಂತ ಬಿಡ್ಬೇಡಿ, 1930ಗೂ ಫೋನ್ ಮಾಡಿ, ಸೈಬರ್ ಅಪರಾಧ ನೋಡ್ಕೊಳ್ಳೋ ತುಮಕೂರಿನ ಸೆನ್ ಪೊಲೀಸ್ ಠಾಣೇಲಿ ಲಿಖಿತ ದೂರೂ ಕೊಡಿ, ಬ್ಯಾಂಕ್ ಸ್ಟೇಟ್‌ಮೆಂಟು, ಸ್ಕ್ರೀನ್‌ಶಾಟು ತಗೊಂಡು ಹೋಗಿ. ಎಲ್ಲೋ ಒಂದು ಖಾತೇಲಿ ಸ್ವಲ್ಪ ಹೋಲ್ಡ್ ಆಗಿದ್ರೆ ಕೋರ್ಟ್ ಆದೇಶದ ಮೇಲೆ ವಾಪಸ್ ಬರೋ ದಾರಿ ಇದೆ. ಠಾಣೆಗೆ ತಂದೇನ ಒಬ್ಬರನ್ನೇ ಕಳಿಸ್ಬೇಡಿ.

ಮತ್ತೆ ಮೇಷ್ಟ್ರಿಗೆ ನನ್ನದೊಂದು ಕೋರಿಕೆ ತಿಳಿಸಿ. ಆ ಕಾಲಲ್ಲಿ ಏನೇನು ಮಾತಾಯ್ತು, ಎಲ್ಲಿ ಹೆದರಿಕೆ ಶುರುವಾಯ್ತು, ಆಮೇಲೆ ಹೇಳ್ಬೇಕು ಅನ್ಸಿದಾಗೆಲ್ಲ ಯಾಕೆ ಆಗ್ಲಿಲ್ಲ, ಅವರದೇ ಮಾತಲ್ಲಿ ಬರೆದುಕೊಡ್ಲಿ. ಹೆಸರು ಬೇಡ ಅಂದ್ರೆ ಬೇಡ. ಮುಂದಿನ ತಿಂಗಳಿಗೆ ಎರಡು ಪುಟ ಖಾಲಿ ಇಟ್ಟಿರ್ತೀನಿ.